ಷರಾ

ತಾರೀಖು, ಸರಕು, ತೂಕ, ದರ, ಮೊಬಲಗು, ರುಜು,
ಕೊನೆಗೆ ಷರಾ.
ಏಳು ಕಲಮ್ಮಿನ ಈ ಪುಸ್ತಕ ತಾಲೂಕು ಆಫೀಸಿನದು,
ಅಕ್ಷರ ಮಾತ್ರ ನನ್ನದು.
ಫಿಲೋಮಿನಾ ಟೀಚರಿಗೆ ಐದು ಕ್ಲಾಸು, ಒಂದೇ ಗಂಟಲು,
ಹಾಗಾಗಿ ಸೌಟು ಹಿಡಿದ ಕೈಗೇ ಪೆನ್ನೂ ಬಂತು.

ಹೋದ ವರ್ಷದವರೆಗೆ ಪುಟ ತುಂಬುವುದು ಸಲೀಸು.
ಸೋಮವಾರ ಹುಣಸೂರಿನ ವ್ಯಾನು,
ಮೆತ್ತಗಾದ ಟೊಮ್ಯಾಟೊ,
ಮೂರು ಸಂತೆ ಸುತ್ತಿ ಸುಸ್ತಾದ ಬೀನ್ಸು,
ಅಚ್ಚುಹಾಕಿದ ಬಿಲ್ಲು.
ಷರಾ: ಏನಿಲ್ಲ.

ಶಾಲೆಯಿಂದ ಎರಡು ಮೈಲಿಯೊಳಗೆ ಬೆಳೆದದ್ದೇ ಬೇಯಲಿ ಎಂದು
ಸಭೆಯಲ್ಲಿ ಎಲ್ಲರೂ ಕೈಯೆತ್ತಿದರು. ನಾನೂ ಎತ್ತಿದೆ.
ಎತ್ತುವಾಗ ಗೊತ್ತಿರಲಿಲ್ಲ
ಎರಡು ಮೈಲಿಯೊಳಗೆ ಇಷ್ಟೊಂದು ಬರವಣಿಗೆ ಇದೆಯೆಂದು.

ಪೂವಕ್ಕನ ಅಲಸಂದೆ ಕಾಫಿಯ ಗೋಣಿಯಲ್ಲಿ ಬರುತ್ತದೆ
ಎರಡು ಹಿಡಿ ಚಗಳಿ ಇರುವೆ ಸಮೇತ.
ಇರುವೆಗೆ ದರವಿಲ್ಲ, ಕಡಿತಕ್ಕೂ ಇಲ್ಲ.
ಮೊಯ್ದುವಿನ ನೇಂದ್ರಗೊನೆ
ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಬರುತ್ತದೆ
ಮದುವೆ ಮನೆಗೆ ಹೊರಟ ಅತ್ತೆಯ ಹಾಗೆ.
ಬೋಜಮ್ಮನ ಮುಕ್ಕಾಲು ಎಕರೆ ಗದ್ದೆಯ ಅಕ್ಕಿಯನ್ನು
ಕೊಳ್ಳುವ ಹಾಗಿಲ್ಲ, ಅಕ್ಕಿ ಸರ್ಕಾರದ್ದೇ ಆಗಬೇಕು.
ಆದರೂ ಹುತ್ತರಿಯ ಮರುದಿನ ಒಂದು ಸೇರು ತಂದಿಟ್ಟಳು:
"ಲೆಕ್ಕಕ್ಕಲ್ಲ. ಪರಿಮಳಕ್ಕೆ."
ಎಲ್ಲಿ ಬರೆಯಲಿ?

ಹಾಡಿಯಿಂದ ಬೊಳ್ಳಚ್ಚಿ.
ಹಕ್ಕುಪತ್ರದ ಮೂವತ್ತು ಸೆಂಟು,
ಅದರ ತುಂಬ ಕುಂಬಳದ ಬಳ್ಳಿ.
ಮೊದಲ ದಿನ ಹನ್ನೊಂದು ಕಿಲೋ ತಲೆಯ ಮೇಲೆ ಹೊತ್ತು ತಂದಳು.
ಇಂಕು ಪ್ಯಾಡು ಒಣಗಿತ್ತು,
ಕಲಸಿಟ್ಟ ಅರಿಸಿನದಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದಳು.
ಈ ಪುಟಗಳಲ್ಲಿ ಯಾವುದು ರುಜು, ಯಾವುದು ಸಾರಿನ ಕಲೆ
ಎಂದು ಈಗ ನನಗೆ ಮಾತ್ರ ಗೊತ್ತು.

ಅವತ್ತು ಅರವತ್ತಮೂರು ತಟ್ಟೆ.
ಸಿಹಿಗುಂಬಳ ಅಂದರು ಕೆಲವರು, ಮತ್ತಂಗ ಅಂದರು ಕೆಲವರು,
ಎಸ್ಟೇಟು ಲೈನಿನ ರೆಜಾವುಲ್, ಅಸ್ಸಾಮಿನವನು,
ಬೆರಳಿಟ್ಟು ತೋರಿಸಿ "ರೊಂಗಾಲಾವ್" ಅಂದ.
ಮೂರು ತಿಂಗಳಲ್ಲಿ ನಾವು ಕೇಳಿದ ಅವನ ಮೊದಲ ಮಾತು.
ಮೂಲೆಯಲ್ಲಿ ಬೊಳ್ಳಚ್ಚಿಯ ಮಗಳು ಪೊಂಜಿ
ತಿನ್ನದೆ, ತಿನ್ನುವವರನ್ನೇ ನೋಡುತ್ತ ಕೂತಿದ್ದಳು.
ಗದರಿದೆ. ತಿಂದಳು.

ಬುಧವಾರ ರಾತ್ರಿ ಸೋಲಾರ್ ಬೇಲಿಗೆ ಮರ ಬಿತ್ತು.
ಬಿದ್ದಿತೋ, ಬೀಳಿಸಿತೋ.
ಹತ್ತೊಂಬತ್ತು ಕಾಯಿ, ಒಂದೇ ಆನೆ.
ಬೆಳಿಗ್ಗೆ ಬೊಳ್ಳಚ್ಚಿ ಬಂದಳು,
ತಲೆಯ ಮೇಲೆ ಬರೀ ಸಿಂಬಿ.
ಕಂಕುಳಲ್ಲಿ ಒಂದು ಕಟ್ಟು,
ತುಳಿತಕ್ಕೆ ಸಿಗದ ಬಳ್ಳಿಯ ಎಳೆ ಕುಡಿ.
"ಕೊಡ್ತೀನಿ ಅಂದಿದ್ದೆನಲ್ಲ," ಅಂದಳು.

ಕುಡಿಯ ನಾರು ತೆಗೆಯಲು ಇಬ್ಬರೂ ಕೂತೆವು.
ಗಾಂಧಾರಿ ಮೆಣಸು ಎರಡೇ, ಮಕ್ಕಳಿಗಲ್ಲವೆ, ತೆಂಗು ಜಾಸ್ತಿ.
ರೆಜಾವುಲ್ ಮೂರು ಸಲ ತಟ್ಟೆ ಹಿಡಿದು ಬಂದ.
ದರಪಟ್ಟಿಯಲ್ಲಿ ಕುಂಬಳದ ಕುಡಿ ಎಂಬ ಸರಕೇ ಇಲ್ಲ.
"ಸರಬರಾಜು ಆಗಿಲ್ಲ ಅಂತ ಬರೆದುಬಿಡು," ಅಂದರು ಟೀಚರು.
ತೂಕದ ಕೆಳಗೆ ಸೊನ್ನೆ ಬರೆದೆ,
ಷರಾದ ಕೆಳಗೆ: ಆನೆ.

ಮಾರ್ಚಿನಲ್ಲಿ ತಪಾಸಣೆಯ ಸಾಹೇಬರು
ಕನ್ನಡಕ ಏರಿಸಿ ಕೇಳಿದರು:
"ಇದ್ಯಾರಮ್ಮ ಆನೆ? ಸರಬರಾಜುದಾರರ ಪಟ್ಟಿಯಲ್ಲಿ ಇಲ್ಲವಲ್ಲ?"
"ಇಲ್ಲ ಸಾರ್, ಉಂಡವರ ಪಟ್ಟಿಯವನು."
ಅವರು ನಗಲಿಲ್ಲ.
ಊಟ ಮಾತ್ರ ಮಾಡಿದರು, ಎರಡನೇ ಸಲವೂ ಬಡಿಸಿಕೊಂಡು.
ಹೋಗುವಾಗ ಅರಿಸಿನದ ಹೆಬ್ಬೆಟ್ಟಿನ ಮೇಲೆ
ಹಸಿರು ಇಂಕಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಇರಲಿ.
ಪ್ರತಿ ಕಾಯಿ ಹೆಚ್ಚುವಾಗಲೂ ಬೀಜ ತೊಳೆದು
ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಒಣಗಿಸಿದ್ದೆ.
ಕಾಗೆಗೆ ಹೋದದ್ದು ಹೋಗಿ ಹಾರ್ಲಿಕ್ಸ್ ಡಬ್ಬಿಯಷ್ಟು ಉಳಿದಿತ್ತು.
ಏಪ್ರಿಲಿನ ಮೊದಲ ಮಳೆ ಬಿದ್ದ ಮಧ್ಯಾಹ್ನ
ಬೊಳ್ಳಚ್ಚಿಯ ಸೆರಗಿಗೆ ಸುರಿದೆ.
ಬಂದದ್ದಕ್ಕೆ ಏಳು ಕಲಮ್ಮು,
ಹಿಂದೆ ಹೋದದ್ದಕ್ಕೆ ಒಂದೂ ಇಲ್ಲ.
ಪುಟದ ಅಂಚಿನಲ್ಲೇ ಬರೆದಿದ್ದೇನೆ:
ಬೀಜ, ಒಂದು ಡಬ್ಬಿ, ವಾಪಸು.

ಆ ಸಾಲಿಗೆ ಟೀಚರು ಇನ್ನೂ ರುಜು ಹಾಕಿಲ್ಲ.